ಮೃತ್ಯುಪತ್ರವೂ ಶ್ರಾವಕಧರ್ಮವೂ

ಹಳೆಯ ಮೈಸೂರಿನವರು ಉಯಿಲು ಎಂದು ಕರೆಯುವುದನ್ನು ನಮ್ಮ ಭಾಗದಲ್ಲಿ ಮೃತ್ಯುಪತ್ರವೆನ್ನುತ್ತೇವೆ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ತಾಲೂಕುಗಳು 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದವಾದ್ದರಿಂದ ನಮ್ಮ ಕಚೇರಿಯ ಮಾತುಗಳಲ್ಲಿ ಬಹಳಷ್ಟು ಮರಾಠಿಯ ದಾರಿಯಿಂದ ಬಂದು ನಿಂತವು. ವಾಟ್ನಿ, ಉತಾರ, ವಾರಸಾ, ಮೃತ್ಯುಪತ್ರ. ಈ ಕೊನೆಯ ಮಾತನ್ನು ಮಾತ್ರ ಮನೆಗಳಲ್ಲಿ ಯಾರೂ ಗಟ್ಟಿಯಾಗಿ ಆಡುವುದಿಲ್ಲ. ಹಿರಿಯರು ಬದುಕಿರುವಾಗ ಅದನ್ನು ಎತ್ತಿದವರು ಅವರ ಸಾವನ್ನು ಬಯಸಿದವರೆಂದಾಗುತ್ತದೆ. ಅವರು ತೀರಿಕೊಂಡ ಮೇಲೆ ಎತ್ತಿದವರು ಆಸ್ತಿಗಾಗಿ ಬಾಯಿ ತೆರೆದವರೆಂದಾಗುತ್ತದೆ. ಕಾಗದ ಮಾತ್ರ ಯಾರದೋ ಕಪಾಟಿನಲ್ಲಿ ಸಿದ್ಧವಾಗಿರುತ್ತದೆ.

ನನ್ನ ತಂದೆಯವರದೆಂದು ಹೇಳಲಾದ ಮೃತ್ಯುಪತ್ರವನ್ನು ನಾನು ನ್ಯಾಯಾಲಯದಲ್ಲಿ ಪ್ರಶ್ನಿಸಿದವಳು. ಹನ್ನೊಂದು ವರ್ಷ ಅದು ನಡೆಯಿತು. ಸಮಾಜದಲ್ಲಿ ಇದು ಗುಟ್ಟೇನಲ್ಲ. ಕಳೆದ ವರ್ಷ ಇಂಥದೇ ತೊಡಕಿನಲ್ಲಿದ್ದ ಒಬ್ಬ ಹೆಣ್ಣುಮಗಳು ನಮ್ಮ ಮನೆಗೆ ಬಂದು, "ದಾವೆ ಹಾಕಿದ್ರ ಅಪರಿಗ್ರಹಕ್ಕ ವಿರೋಧ ಆಗೂದಿಲ್ಲೇನ್ರಿ ಟೀಚರ್?" ಎಂದು ಕೇಳಿದಳು. ಆ ದಿನ ಆಕೆಗೆ ಹೇಳಿದ್ದನ್ನೂ, ಹೇಳಲು ಉಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಮನೆಯವರ ಹೆಸರುಗಳು ಬೇಡ, ಸಂಗತಿಯಷ್ಟೇ ಸಾಕು.

ತಂದೆಯವರಿಗೆ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಯ ದಲಾಲಿ ಅಂಗಡಿ ಇತ್ತು. ಎರಡು ಖೋಲಿಯ ಆ ಅಂಗಡಿ ಅವರ ಸ್ವಂತ ದುಡಿಮೆಯದು. ಹಾವೇರಿಯಲ್ಲಿ ಅವರು ಕಟ್ಟಿಸಿದ ಮನೆ. ರಾಣೆಬೆನ್ನೂರು ತಾಲೂಕಿನಲ್ಲಿ ಹಿರಿಯರಿಂದ ಬಂದ ಒಂಬತ್ತು ಎಕರೆ ಎರೆಹೊಲ. ಮಕ್ಕಳು ನಾವು ಮೂವರು: ಅಣ್ಣ, ನಾನು, ತಮ್ಮ. ಸುಗ್ಗಿಯ ದಿನಗಳಲ್ಲಿ ಇಡೀ ಪೇಟೆ ಕೆಂಪಾಗಿ, ಘಾಟಿಗೆ ಕಣ್ಣು ಬಿಡಲಾಗದ ಹೊತ್ತಿನಲ್ಲಿಯೂ ಅವರು ಸೂರ್ಯಾಸ್ತದೊಳಗೆ ಉಣ್ಣುವ ನಿಯಮವನ್ನು ತಪ್ಪಿಸಿದವರಲ್ಲ. ಮನೆಯಿಂದ ಬಂದ ಡಬ್ಬಿಯನ್ನು ಅಂಗಡಿಯ ದಿವಾಣಜಿ ಲೆಕ್ಕದ ಪುಸ್ತಕ ಸರಿಸಿ ಅವರ ಮುಂದಿಡುತ್ತಿದ್ದ. ನನ್ನನ್ನು 1976ರಲ್ಲಿ ರಾಣೆಬೆನ್ನೂರಿಗೆ ಕೊಟ್ಟರು. ಅವ್ವ 1991ರಲ್ಲಿ ತೀರಿಕೊಂಡಳು. 1997ರ ಸೆಪ್ಟೆಂಬರ್ ಕೊನೆಯಲ್ಲಿ ತಂದೆಯವರಿಗೆ ಲಕ್ವಾ ಹೊಡೆದು ಬಲಗೈ ಸೋತಿತು, ಮಾತು ತೊದಲಿತು. 1998ರ ಫೆಬ್ರುವರಿಯಲ್ಲಿ ಹೋದರು.

ಸೂತಕ ಕಳೆದು ಬಸದಿಯಲ್ಲಿ ಶಾಂತಿವಿಧಾನ ಮುಗಿದ ಮೇಲೆ ಅಣ್ಣ ಎರಡು ಹಾಳೆಯ ಟೈಪು ಮಾಡಿದ ಕಾಗದ ತಂದ. ನೋಂದಣಿಯಾಗಿರಲಿಲ್ಲ. ಮನೆ, ಅಂಗಡಿ, ಹೊಲದಲ್ಲಿನ ತಮ್ಮ ಪಾಲು ಎಲ್ಲವೂ ಗಂಡುಮಕ್ಕಳಿಬ್ಬರಿಗೆ. ಅಂಗಡಿಯ ಒಂದು ಖೋಲಿಯ ಬಾಡಿಗೆ ಬಸದಿಯ ನಿತ್ಯಪೂಜೆಗೆ ಮತ್ತು ಶಾಸ್ತ್ರದಾನಕ್ಕೆ. ನನ್ನ ವಿಷಯದಲ್ಲಿ ಒಂದೇ ವಾಕ್ಯ: ಮಗಳು ವಿವಾಹಕಾಲದಲ್ಲಿ ಸಾಕಷ್ಟು ಪಡೆದು, ಸ್ವಸಂತೋಷದಿಂದ ತನ್ನ ಹಕ್ಕನ್ನು ಬಿಟ್ಟುಕೊಟ್ಟಿರುತ್ತಾಳೆ.

ನಾನು ಎಂದೂ ಯಾವ ಹಕ್ಕನ್ನೂ ಬಿಟ್ಟುಕೊಟ್ಟಿರಲಿಲ್ಲ. ಯಾರೂ ನನ್ನನ್ನು ಕೇಳಿಯೂ ಇರಲಿಲ್ಲ. ಆಸ್ತಿಯನ್ನು ಗಂಡುಮಕ್ಕಳಿಗೇ ಕೊಡುತ್ತೇನೆ ಎಂದಷ್ಟೇ ಬರೆದಿದ್ದರೆ ನಾನು ಏನು ಮಾಡುತ್ತಿದ್ದೆನೋ ಹೇಳಲಾರೆ. ಮಾಡದ ತ್ಯಾಗವನ್ನು ನನ್ನ ಹೆಸರಿನಲ್ಲಿ ಬರೆದದ್ದು ನನಗೆ ನುಂಗಲಾಗಲಿಲ್ಲ.

ಎರಡನೆಯ ಬಾರಿ ಓದಿದಾಗ ಇನ್ನೊಂದು ಕಣ್ಣಿಗೆ ಬಿತ್ತು. ಕಾಗದದ ತಾರೀಖು 1997ರ ಜೂನ್ 12. ಒಳಗೆ ಅಂಗಡಿಯ ವಿವರದಲ್ಲಿ "ತಾ. ಬ್ಯಾಡಗಿ, ಜಿ. ಹಾವೇರಿ" ಎಂದಿತ್ತು. ಹಾವೇರಿ ಜಿಲ್ಲೆ ಧಾರವಾಡದಿಂದ ಬೇರೆಯಾದದ್ದು 1997ರ ಆಗಸ್ಟ್ 24ರಂದು. ನನ್ನ ತರಗತಿಯ ಮಕ್ಕಳು ನೋಟುಬುಕ್ಕುಗಳ ಮೇಲಿನ "ಜಿ. ಧಾರವಾಡ"ವನ್ನು ಹೊಡೆದು "ಜಿ. ಹಾವೇರಿ" ಎಂದು ಬರೆದ ಸಂಭ್ರಮ ಗಣಪತಿ ಹಬ್ಬದ ಆಸುಪಾಸಿನದು. ಜೂನಿನಲ್ಲಿ ಬರೆದ ಕಾಗದಕ್ಕೆ ಆ ಜಿಲ್ಲೆಯ ಹೆಸರು ಹೇಗೆ ಗೊತ್ತು? ತಂದೆಯವರು ಗಟ್ಟಿಯಾಗಿದ್ದ ತಿಂಗಳಿಗೆ ತಾರೀಖನ್ನು ಹಿಂದೆ ಸರಿಸಿದ್ದರೆಂಬ ಸಂಶಯ ಆಗ ಹುಟ್ಟಿತು. ಅಣ್ಣನನ್ನೇ ಕೇಳಿದೆ. ಆತ ಮುಖ ತಿರುಗಿಸಿ, "ಅಪ್ಪಾ ಹೇಳಿದ್ದನ್ನ ಬರಸೇವಿ ತಂಗಿ, ತಾರೀಖು ಯಾಕ ಬೇಕು ನಿನಗ?" ಎಂದ. ಅಲ್ಲಿಂದ ಮುಂದೆ ನಾವಿಬ್ಬರೂ ವಕೀಲರ ಮೂಲಕವೇ ಮಾತಾಡಿದೆವು.

ಕಾನೂನು ಇಲ್ಲಿ ಏನು ಕೇಳುತ್ತದೆ, ಏನು ಕೇಳುವುದಿಲ್ಲ ಎಂಬುದನ್ನು ವಾಚಕರು ತಿಳಿದಿರುವುದು ಒಳ್ಳೆಯದು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಜೈನರಿಗೂ ಅನ್ವಯಿಸುತ್ತದೆ. ಅದರ 30ನೆಯ ಕಲಮಿನಂತೆ ಒಬ್ಬನು ತನ್ನ ಸ್ವಯಾರ್ಜಿತ ಆಸ್ತಿಯನ್ನೂ, ಅವಿಭಕ್ತ ಆಸ್ತಿಯಲ್ಲಿನ ತನ್ನ ಪಾಲನ್ನೂ ಬಯಸಿದವರಿಗೆ ಬರೆದಿಡಬಹುದು. ಫ್ರಾನ್ಸಿನಲ್ಲಿ ಮಕ್ಕಳ ಪಾಲಿನ ಒಂದು ಭಾಗವನ್ನು ತಂದೆ ಮುಟ್ಟುವಂತಿಲ್ಲ. ಮುಸಲ್ಮಾನರ ಶಾಸ್ತ್ರದಲ್ಲಿ ಸಾಮಾನ್ಯವಾಗಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಮೃತ್ಯುಪತ್ರದಿಂದ ಕೊಡುವಂತಿಲ್ಲ. ನಮಗೆ ಅಂಥ ಕಟ್ಟಿಲ್ಲ. ಪಾಲು ಸಿಗದ ವಿಧವೆ, ಅವಿವಾಹಿತ ಮಗಳು, ಅಪ್ರಾಪ್ತ ಮಗ ಮೊದಲಾದ ಅವಲಂಬಿತರು 1956ರ ದತ್ತಕ ಮತ್ತು ಜೀವನಾಂಶ ಕಾಯಿದೆಯ 22ನೆಯ ಕಲಮಿನಂತೆ ಆಸ್ತಿ ಪಡೆದವರಿಂದ ಜೀವನಾಂಶ ಕೇಳಬಹುದು, ಅಷ್ಟೇ. ಆದ್ದರಿಂದ "ನನ್ನನ್ನು ಬಿಟ್ಟರು" ಎಂಬುದೊಂದೇ ಕಾರಣದಿಂದ ಮೃತ್ಯುಪತ್ರ ಬೀಳುವುದಿಲ್ಲ. ವಾರಸುದಾರರ ಸಹಜ ಕ್ರಮವನ್ನು ಬದಲಿಸುವುದಕ್ಕಾಗಿಯೇ ಮೃತ್ಯುಪತ್ರ ಇರುವುದು ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಕಾಗದ ನ್ಯಾಯವಾದದ್ದೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಅದು ಅವರದೇ ಹೌದೇ ಎಂದು ಮಾತ್ರ ಕೇಳುತ್ತಾರೆ.

ಅದಕ್ಕೆ ಉತ್ತರ ಕೊಡುವ ಭಾರ ಕಾಗದವನ್ನು ಮುಂದಿಟ್ಟವರದು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 63ನೆಯ ಕಲಂ ನಮ್ಮವರ ಮೃತ್ಯುಪತ್ರಗಳಿಗೆ 1927ರ ಜನವರಿ 1ರಿಂದ ಅನ್ವಯವಾಗಿದೆ. ಬರೆದವರು ಸಹಿ ಮಾಡಬೇಕು. ಇಬ್ಬರು ಸಾಕ್ಷಿಗಳು ಅದನ್ನು ಕಣ್ಣಾರೆ ನೋಡಿರಬೇಕು, ಇಲ್ಲವೇ ಸಹಿ ತನ್ನದೆಂದು ಅವರ ಬಾಯಿಂದ ಕೇಳಿರಬೇಕು. ಆಮೇಲೆ ಅವರೆದುರಿನಲ್ಲಿ ತಾವೂ ಸಹಿ ಹಾಕಬೇಕು. ಆ ಸಾಕ್ಷಿಗಳಲ್ಲಿ ಬದುಕಿರುವ ಒಬ್ಬರಾದರೂ ಕಟಕಟೆಗೆ ಬರಬೇಕು. ಆಗ ಇದು ಸಾಕ್ಷ್ಯ ಕಾಯಿದೆಯ 68ನೆಯ ಕಲಮಾಗಿತ್ತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 67ನೆಯದು.

ನಮ್ಮ ವಕೀಲರು ಮೊದಲ ದಿನವೇ ಒಂದು ಹಳೆಯ ಮೊಕದ್ದಮೆಯ ಕಥೆ ಹೇಳಿದರು. ಅದು ನಮ್ಮ ನಾಡಿನದೇ. ಲಕ್ಷ್ಮಮ್ಮ ಎಂಬುವರು 1945ರಲ್ಲಿ ಮಾಡಿದರೆನ್ನಲಾದ ಉಯಿಲನ್ನು ಅದರ ನಿರ್ವಾಹಕರಾದ ವೆಂಕಟಾಚಲ ಅಯ್ಯಂಗಾರ್ ನ್ಯಾಯಾಲಯದ ಮುಂದಿಟ್ಟರು. ತಿಮ್ಮಾಜಮ್ಮ ಮೊದಲಾದವರು ವಿರೋಧಿಸಿದರು. ಉಯಿಲನ್ನು ಸಿದ್ಧಪಡಿಸುವುದರಲ್ಲಿ ಮುಂದೆ ನಿಂತವರೇ ಅದರ ಫಲಕ್ಕೂ ಹತ್ತಿರವಿದ್ದರು. ಮೈಸೂರು ಹೈಕೋರ್ಟು ಅದನ್ನು ಒಪ್ಪಲಿಲ್ಲ. 1958ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ನ್ಯಾಯಮೂರ್ತಿ ಗಜೇಂದ್ರಗಡಕರ್ ಅವರು ಬರೆದ ಆ ತೀರ್ಪು ಇಂದಿಗೂ ದೇಶದ ಎಲ್ಲ ನ್ಯಾಯಾಲಯಗಳಲ್ಲಿ ಆಧಾರವಾಗಿದೆ. ಸಹಿ ನಿಜವೆಂದು ತೋರಿಸಿದರೆ ಸಾಲದು, ಸಂಶಯಕ್ಕೆ ಎಡೆಕೊಡುವ ಸಂಗತಿಗಳಿದ್ದರೆ ಅವನ್ನೆಲ್ಲ ಕಾಗದ ತಂದವರೇ ನಿವಾರಿಸಿ ನ್ಯಾಯಾಲಯದ ಅಂತಃಕರಣಕ್ಕೆ ಸಮಾಧಾನ ತರಬೇಕು ಎಂಬುದು ಅದರ ಸಾರ. ಕರ್ನಾಟಕದ್ದೇ ಆದ ಶಿವಕುಮಾರ ಮತ್ತು ಶರಣಬಸಪ್ಪ ಅವರ ಪ್ರಕರಣದಲ್ಲಿ 2020ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಇದನ್ನೇ ಇನ್ನೊಮ್ಮೆ ವಿಸ್ತಾರವಾಗಿ ಹೇಳಿತು. ಬರೆದವರು ಸತ್ತಿದ್ದಾರೆ, ಬಂದು ಸಾಕ್ಷಿ ಹೇಳಲಾರರು. ಅದಕ್ಕಾಗಿ ಇಷ್ಟು ಎಚ್ಚರ.

ಆದರೆ ಮಗಳಾದವಳಿಗೆ ಈ ಏರ್ಪಾಟಿನಲ್ಲಿ ಒಂದು ವಿಚಿತ್ರವಾದ ಸಂಕಟವಿದೆ. ಗೆದ್ದರೆ ಒಡಹುಟ್ಟಿದವರು ಸುಳ್ಳು ಕಾಗದ ಮಾಡಿದವರೆಂದು ಊರ ಮುಂದೆ ಸಿದ್ಧವಾಗುತ್ತದೆ. ಸೋತರೆ ಅಪ್ಪನೇ ತನ್ನ ಕೈಯಾರೆ ನನ್ನನ್ನು ಬಿಟ್ಟನೆಂದು ಸಿದ್ಧವಾಗುತ್ತದೆ. ರಾತ್ರಿ ಸಾಮಾಯಿಕಕ್ಕೆ ಕುಳಿತಾಗ ಎರಡರಲ್ಲಿ ಯಾವುದಾಗಲಿ ಎಂದು ಬಯಸಬೇಕೋ ತಿಳಿಯುತ್ತಿರಲಿಲ್ಲ. ಆಸ್ತಿಯನ್ನು ಕಾಯುವ ಚಿಂತೆಯನ್ನೂ ನಮ್ಮ ಆಚಾರ್ಯರು ರೌದ್ರಧ್ಯಾನದ ನಾಲ್ಕು ಬಗೆಗಳಲ್ಲಿ ಸೇರಿಸಿರುವುದು ಎಷ್ಟು ಸರಿಯೆಂದು, ವಾಯಿದೆಯ ಹಿಂದಿನ ರಾತ್ರಿಗಳನ್ನು ಕಳೆದವರಿಗೆ ಗೊತ್ತು.

ನಮ್ಮ ಹಿತೈಷಿಗಳು ಬಂದು ಬಾಹುಬಲಿಯ ಕಥೆ ಹೇಳಿದರು. ಒಬ್ಬರಲ್ಲ, ನಾಲ್ಕಾರು ಮಂದಿ. ತಂದೆ ಹಂಚಿಕೊಟ್ಟ ನೆಲವನ್ನು ಭರತ ಕೇಳಿದಾಗ ಬಾಹುಬಲಿ ಎಲ್ಲವನ್ನೂ ಬಿಟ್ಟು ನಿಂತನಲ್ಲವೇ, ನೀವೂ ಹಾಗೆಯೇ ಬಿಡಿ ಎಂಬುದು ಅವರ ಆಶಯ. ನಾನು ಅವರಿಗೆ ಹೇಳಿದ್ದು ಇಷ್ಟು: ಬಾಹುಬಲಿ ಬಿಟ್ಟದ್ದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರನ್ನೂ ಗೆದ್ದ ಮೇಲೆ. ಭರತನ ದೂತ ಬಂದಾಗ ಆತ ಮರುಮಾತಿಲ್ಲದೆ ಕೊಟ್ಟು ಕಳಿಸಲಿಲ್ಲ. ಉಳಿದ ತಮ್ಮಂದಿರು ಯುದ್ಧವಿಲ್ಲದೆಯೇ ದೀಕ್ಷೆಗೆ ಹೋದರು, ನಿಜ. ಅದೂ ಅವರೇ ಆದಿನಾಥನ ಬಳಿ ಹೋಗಿ ಕೇಳಿ ಮಾಡಿದ ನಿರ್ಧಾರ. ತಮ್ಮಂದಿರು ಸ್ವಸಂತೋಷದಿಂದ ಬಿಟ್ಟಿದ್ದಾರೆಂದು ಭರತ ಎಲ್ಲಿಯೂ ಬರೆಸಿಕೊಂಡಿರಲಿಲ್ಲ. ತ್ಯಾಗ ಮಾಡುವವನ ಬಾಯಿಂದ ಬರಬೇಕು. ಅದರಿಂದ ಲಾಭ ಪಡೆಯುವವನು ಬಂದು ಅಪರಿಗ್ರಹವನ್ನು ಉಪದೇಶಿಸಿದರೆ, ಆ ಉಪದೇಶ ಮೊದಲು ಆತನ ಮನೆಯಿಂದಲೇ ಆರಂಭವಾಗಲೆಂದು ಕೇಳುವ ಹಕ್ಕು ಎಂಥ ಬಡಶ್ರಾವಿಕೆಗೂ ಇದೆ.

ದಶಲಕ್ಷಣ ಪರ್ವದಲ್ಲಿ ದಿನಕ್ಕೊಂದು ಅಧ್ಯಾಯದಂತೆ ತತ್ತ್ವಾರ್ಥಸೂತ್ರದ ವಿವರಣೆ ಕೇಳುತ್ತೇವೆ. ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳು ಬರುತ್ತವೆ. ಅವುಗಳಲ್ಲಿ ಒಂದು ಕೂಟಲೇಖಕ್ರಿಯೆ, ಅಂದರೆ ಸುಳ್ಳು ಬರಹ ಮಾಡುವುದು. ಇನ್ನೊಂದು ನ್ಯಾಸಾಪಹಾರ, ಅಂದರೆ ಇನ್ನೊಬ್ಬರು ನಂಬಿ ಇಟ್ಟದ್ದನ್ನು ನುಂಗುವುದು. ಇವನ್ನು ಅಚೌರ್ಯವ್ರತದಡಿಯಲ್ಲಿ ಇಡದೆ ಸತ್ಯವ್ರತದಡಿಯಲ್ಲಿ ಇಟ್ಟದ್ದನ್ನು ಗಮನಿಸಬೇಕು. ಎಷ್ಟು ಆಸ್ತಿ ಕೈತಪ್ಪಿತೆಂಬ ಲೆಕ್ಕಕ್ಕೆ ಮುಂಚೆಯೇ ಬರಹ ಸುಳ್ಳಾಯಿತೆಂಬುದು ದೋಷವಾಗಿ ನಿಲ್ಲುತ್ತದೆ. ಅಣ್ಣ ಹೇಳಿದಂತೆ ಆಶಯ ಅಪ್ಪನದೇ ಇದ್ದಿರಬಹುದು. ನಿಜವಾದ ಆಶಯದ ಮೇಲೆ ಸುಳ್ಳು ತಾರೀಖು ಹಾಕಿದರೂ ಅದು ಕೂಟಲೇಖವೇ ಎಂದು ನನ್ನ ತಿಳಿವಳಿಕೆ. ವಿದ್ವಾಂಸರು ಬೇರೆ ಹೇಳಿದರೆ ಕೇಳಲು ಸಿದ್ಧಳಿದ್ದೇನೆ.

ನಮ್ಮ ಪೂರ್ವಿಕರಿಗೆ ಮೃತ್ಯುಪತ್ರ ಈ ರೂಪದಲ್ಲಿ ಗೊತ್ತಿರಲಿಲ್ಲ. ಆದರೆ ಆಸ್ತಿಯನ್ನು ಹೇಗೆ ಬಿಟ್ಟುಹೋಗಬೇಕೆಂದು ಅವರು ಯೋಚಿಸಿದ್ದರು. ಅದು ಇರುವುದು ಜಿನಸೇನಾಚಾರ್ಯರ ಆದಿಪುರಾಣದಲ್ಲಿಯೇ. ಮೂವತ್ತೆಂಟನೆಯ ಪರ್ವದಲ್ಲಿ ಶ್ರಾವಕನ ಕ್ರಿಯೆಗಳನ್ನು ಹೇಳುತ್ತಾ ಗೃಹತ್ಯಾಗದ ಕ್ರಮ ಬರುತ್ತದೆ. ಮನೆ ಬಿಡುವ ಗೃಹಸ್ಥ ಸಿದ್ಧರ ಪೂಜೆ ಮಾಡಿ, ಗೌರವಸ್ಥರನ್ನೆಲ್ಲ ಕರೆಸಿ, ಅವರ ಸಾಕ್ಷಿಯಾಗಿ ಹಿರಿಯ ಮಗನಿಗೆ ಎಲ್ಲವನ್ನೂ ಒಪ್ಪಿಸುತ್ತಾನೆ. ದ್ರವ್ಯ ಮೂರು ಭಾಗ: ಒಂದು ಧರ್ಮಕಾರ್ಯಕ್ಕೆ, ಒಂದು ಮನೆಯ ಖರ್ಚಿಗೆ, ಒಂದು ಒಡಹುಟ್ಟಿದವರಿಗೆ ಹಂಚಲು. ಆ ಹಂಚಿಕೆಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳ ಸಮನಾದ ಪಾಲು ಎಂದು ಆಚಾರ್ಯರು ಸ್ಪಷ್ಟವಾಗಿ ಹೇಳಿದ್ದಾರೆ. ಇದು ಒಂಬತ್ತನೆಯ ಶತಮಾನದ ಮಾತು. ಜಿನಸೇನರು ಮುಗಿಸದೆ ಬಿಟ್ಟ ಮಹಾಪುರಾಣವನ್ನು ಪೂರ್ತಿಗೊಳಿಸಿದ ಶಿಷ್ಯರು ಗುಣಭದ್ರರು. ಅವರ ಉತ್ತರಪುರಾಣಕ್ಕೆ ಲೋಕಾದಿತ್ಯನ ಆಳ್ವಿಕೆಯಲ್ಲಿ ಕ್ರಿ.ಶ. 898ರಲ್ಲಿ ಪೂಜೆ ಸಂದದ್ದು ಬಂಕಾಪುರದಲ್ಲಿ. ಇಂದು ಆ ಬಂಕಾಪುರ ನಮ್ಮ ಹಾವೇರಿ ಜಿಲ್ಲೆಯದೇ. ನಮ್ಮ ನೆಲದಲ್ಲಿ ಪೂಜೆಗೊಂಡ ಗ್ರಂಥಪರಂಪರೆಯ ಈ ಮಾತನ್ನು, ನಮ್ಮ ಮನೆಯ ವಾಟ್ನಿಗಳಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ.

ಇನ್ನು ಬಸದಿಯ ವಿಚಾರ. ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಈ ಪತ್ರಿಕೆಯನ್ನು ಟ್ರಸ್ಟಿನ ಪದಾಧಿಕಾರಿಗಳು ಓದುತ್ತಾರೆಂದೇ ಬರೆಯುತ್ತಿದ್ದೇನೆ. ಮೃತ್ಯುಪತ್ರದಲ್ಲಿ ಬಸದಿಗೆ ಬಾಡಿಗೆ ಬರೆದಿದ್ದರಿಂದ ದಾವೆಯಲ್ಲಿ ಟ್ರಸ್ಟನ್ನೂ ಪ್ರತಿವಾದಿಯಾಗಿ ಸೇರಿಸದೆ ಗತಿಯಿರಲಿಲ್ಲ. ನೋಟೀಸು ಮುಟ್ಟಿದ ವಾರ ಮೂವರು ಹಿರಿಯರು ರಾಣೆಬೆನ್ನೂರಿನ ನಮ್ಮ ಮನೆಗೆ ಬಂದರು. "ಅಕ್ಕಾರ, ದೇವರ ದ್ರವ್ಯದ ಮ್ಯಾಲೆ ದಾವೆ ಹಾಕಿದಂಗ ಆಗತೈತಿ, ವಿಚಾರ ಮಾಡ್ರಿ" ಎಂದರು. ಮಾತಿನಲ್ಲಿ ಗೌರವವಿತ್ತು. ಆದರೂ ಅವರು ಹೋದ ಮೇಲೆ ನಮ್ಮ ಅತ್ತೆಯವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ದೇವದ್ರವ್ಯವನ್ನು ನುಂಗುವುದು ಎಂಥ ಪಾಪವೆಂದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಆ ಭಯಕ್ಕೆ ಆಸ್ತಿಯ ಪಾಲನ್ನು ಬಿಟ್ಟ ಹೆಣ್ಣುಮಕ್ಕಳು ಎಷ್ಟು ಮಂದಿಯೋ.

ನನ್ನ ವಾದ ಸರಳವಾದದ್ದು. ದ್ರವ್ಯ ದೇವರದಾಗುವುದು ಕೊಡುವ ಅಧಿಕಾರವಿದ್ದವರು ಕೊಟ್ಟ ಮೇಲೆ. ಕೊಟ್ಟರೋ ಇಲ್ಲವೋ ಎಂಬುದೇ ಪ್ರಶ್ನೆಯಾಗಿರುವಾಗ ಅದು ಇನ್ನೂ ದೇವರ ದ್ರವ್ಯವಾಗಿಲ್ಲ. ದಾನದ ಒಂದು ಸಾಲನ್ನು ಸೇರಿಸಿದರೆ ಇಡೀ ಕಾಗದಕ್ಕೆ ಬಸದಿಯ ನೆರಳು ಬೀಳುತ್ತದೆ, ಯಾರೂ ಎದುರು ಮಾತಾಡಲಾರರು ಎಂಬ ಲೆಕ್ಕಾಚಾರ ಎಲ್ಲೆಲ್ಲಿಯೂ ಇರುತ್ತದೆಂದು ಹೇಳುವುದಿಲ್ಲ. ಕೆಲವೆಡೆ ಇರುತ್ತದೆ. ಆ ಟ್ರಸ್ಟಿನ ಸಮಿತಿಯಲ್ಲಿದ್ದ ಒಬ್ಬ ವೃದ್ಧರು, ವಾರಸುದಾರರಲ್ಲಿ ತೀರ್ಮಾನವಾಗುವವರೆಗೆ ಆ ಬಾಡಿಗೆ ಬೇಡವೆಂದು ಹಟ ಹಿಡಿದರು. ಕೊನೆಗೆ ಸಮಿತಿ ಅದನ್ನೇ ನ್ಯಾಯಾಲಯಕ್ಕೆ ಬರೆದುಕೊಟ್ಟಿತು. ಯಾರ ಪರವನ್ನೂ ವಹಿಸಲಿಲ್ಲ. ಆ ವೃದ್ಧರು ಈಗಿಲ್ಲ. ಅವರಿಗೆ ನಾನು ಋಣಿ. ಯಾವ ಟ್ರಸ್ಟೇ ಆಗಲಿ ಮೃತ್ಯುಪತ್ರದ ದಾನವನ್ನು ದಾಖಲು ಮಾಡಿಕೊಳ್ಳುವ ಮೊದಲು, ಸತ್ತವರ ಹೆಣ್ಣುಮಕ್ಕಳೂ ಸೇರಿ ಎಲ್ಲ ವಾರಸುದಾರರು ಆ ಕಾಗದವನ್ನು ಓದಿದ್ದಾರೆಯೇ ಎಂದು ಒಂದು ಮಾತು ಕೇಳಿದರೆ ಟ್ರಸ್ಟಿಗೆ ನಷ್ಟವೇನೂ ಇಲ್ಲ.

ದಾವೆಯನ್ನು 1999ರಲ್ಲಿ ಹಾವೇರಿಯ ಸಿವಿಲ್ ನ್ಯಾಯಾಲಯದಲ್ಲಿ ಹೂಡಿದೆವು. ಆಸ್ತಿ ಮೂರು ತಾಲೂಕುಗಳಲ್ಲಿ ಹರಡಿದ್ದರೂ ಯಾವುದಾದರೊಂದು ಭಾಗ ಇರುವ ಕಡೆ ಇಡೀ ದಾವೆಯನ್ನು ಹೂಡಬಹುದು. ಸಾಕ್ಷಿಗಳಿಬ್ಬರಲ್ಲಿ ಒಬ್ಬರು ಅಷ್ಟರಲ್ಲಿ ತೀರಿಕೊಂಡಿದ್ದರು. ಉಳಿದವನು ದಿವಾಣಜಿ. ನಲವತ್ತು ವರ್ಷ ನಮ್ಮ ಅಂಗಡಿಯ ಲೆಕ್ಕ ಬರೆದವನು, ಆಗಲೂ ಅಣ್ಣನ ಕೈಕೆಳಗೇ ಇದ್ದವನು. ಆತ ಜೈನನಲ್ಲ. ಅಣುವ್ರತಗಳ ಹೆಸರು ಕೂಡ ಆತನಿಗೆ ಗೊತ್ತಿತ್ತೋ ಇಲ್ಲವೋ. ಅಣ್ಣನ ಪರವಾಗಿಯೇ ಆತನನ್ನು ಕರೆಸಿದ್ದರು. ಮುಖ್ಯ ವಿಚಾರಣೆ ನೆಟ್ಟಗೆ ನಡೆಯಿತು. ಪಾಟೀಸವಾಲಿನಲ್ಲಿ ನಮ್ಮ ವಕೀಲರು ಜಿಲ್ಲೆಯ ಹೆಸರಿನ ಮಾತು ಎತ್ತಿದರು. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾಹುಕಾರ್ರು ಸಹಿ ಮಾಡಿದ್ದನ್ನ ನಾ ನೋಡಿಲ್ರಿ. ದೀಪಾವಳಿ ಪೂಜಿ ಮುಗದ ಮ್ಯಾಲೆ ಅಂಗಡ್ಯಾಗ ಕಾಗದ ತಂದು ಕೊಟ್ರು, ನಾ ಸಹಿ ಮಾಡಿದೆ" ಎಂದುಬಿಟ್ಟ. ಅಣ್ಣನ ವಕೀಲರು, ಹೊಸ ಜಿಲ್ಲೆ ಆಗುತ್ತದೆಂಬುದು ಮೊದಲೇ ಎಲ್ಲರಿಗೂ ಗೊತ್ತಿತ್ತೆಂದು ವಾದಿಸಿ ನೋಡಿದರು. ಮರುತಿಂಗಳಿಂದ ದಿವಾಣಜಿ ಅಂಗಡಿಗೆ ಹೋಗಲಿಲ್ಲ. ಆತ ಬಿಟ್ಟನೋ, ಇವರು ಬಿಡಿಸಿದರೋ ನಾನು ವಿಚಾರಿಸಲಿಲ್ಲ. ಆತನೂ ನನ್ನ ಮನೆಗೆ ಎಂದೂ ಬರಲಿಲ್ಲ.

2006ರಲ್ಲಿ ಮೃತ್ಯುಪತ್ರ ರುಜುವಾತಾಗಿಲ್ಲವೆಂದು ತೀರ್ಪಾಯಿತು. ರುಜುವಾತಾಗಿಲ್ಲ ಎಂದರೆ ಸುಳ್ಳೆಂದು ಸಿದ್ಧವಾಯಿತೆಂದಲ್ಲ. ಸಹಿ ತಂದೆಯವರದೇ ಇರಬಹುದು. ಲಕ್ವಾ ಹೊಡೆದ ಮೇಲೆ, ಸೋತ ಕೈಯಿಂದ, ಮಕ್ಕಳು ಹೇಳಿದಲ್ಲಿ ಹಾಕಿದ್ದಿರಬಹುದು. ತಿಳಿದು ಹಾಕಿದರೋ ತಿಳಿಯದೆ ಹಾಕಿದರೋ? ನಾನು ಬಯಸಿದ ಉತ್ತರ ಆ ತೀರ್ಪಿನಲ್ಲಿ ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ.

ಅಣ್ಣ ಮೇಲ್ಮನವಿ ಹೂಡಿದ. ಮೊದಲೆರಡು ವರ್ಷ ಬೆಂಗಳೂರಿಗೆ ಓಡಾಟ. 2008ರ ಜುಲೈಯಲ್ಲಿ ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಆರಂಭವಾದ ಮೇಲೆ ಮುಂಜಾನೆ ಹೋಗಿ ಸಂಜೆ ಊಟದ ಹೊತ್ತಿಗೆ ಮರಳುವಂತಾಯಿತು. ಈ ನಡುವೆ ಕಾನೂನು ನಮ್ಮ ಕಾಲಕೆಳಗೇ ಬದಲಾಗುತ್ತಿತ್ತು. ಕರ್ನಾಟಕದಲ್ಲಿ 1994ರ ಜುಲೈ 30ರಿಂದ ಜಾರಿಗೆ ಬಂದ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟಿತಾದರೂ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. ಆ ಲೆಕ್ಕದಲ್ಲಿ ಒಂಬತ್ತು ಎಕರೆಯಲ್ಲಿ ತಂದೆಯವರ ಪಾಲು ಮೂರು, ಅದರಲ್ಲಿ ನನ್ನದು ಒಂದು. 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿ ಮಗಳನ್ನು ಮಗನಿಗೆ ಸಮ ಮಾಡಿತು; ಆ ಲೆಕ್ಕದಲ್ಲಿ ಮೂರು ಎಕರೆ. ಅದು ತಂದೆ ಮೊದಲೇ ತೀರಿದವರಿಗೂ ಸಲ್ಲುತ್ತದೆಯೇ ಎಂಬುದಕ್ಕೆ ಕರ್ನಾಟಕದಿಂದಲೇ ಹೋದ ಎರಡು ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟು ಎರಡು ದಾರಿ ಹಿಡಿಯಿತು: 2015ರಲ್ಲಿ ಫುಲಾವತಿಯವರದರಲ್ಲಿ ಇಲ್ಲವೆಂದು, 2018ರಲ್ಲಿ ದಾನಮ್ಮನವರದರಲ್ಲಿ ಕೊಡಬೇಕೆಂದು. 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪಿನಲ್ಲಿ, ತಂದೆ ಆ ದಿನ ಬದುಕಿರಬೇಕಾಗಿಲ್ಲವೆಂದು ಇತ್ಯರ್ಥವಾಯಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲಿನ ಮೃತ್ಯುಪತ್ರಗಳನ್ನು ತಿದ್ದುಪಡಿ ಮುಟ್ಟುವುದಿಲ್ಲ. ಆದ್ದರಿಂದ ಎಲ್ಲಿ ಸುತ್ತಿದರೂ ಪ್ರಶ್ನೆ ಆ ಎರಡು ಹಾಳೆಗೇ ಬಂದು ನಿಲ್ಲುತ್ತಿತ್ತು.

2010ರಲ್ಲಿ ಧಾರವಾಡದಲ್ಲಿ ರಾಜಿಯಾಯಿತು. ದಾರಿ ಮಾಡಿದವನು ತಮ್ಮ. ಹನ್ನೊಂದು ವರ್ಷ ಒಂದೂ ಮಾತಾಡದೆ ಅಣ್ಣನ ಹಿಂದೆ ನಿಂತಿದ್ದವನು. ಅಂಗಡಿ ಅವರಿಬ್ಬರಿಗೆ ಉಳಿಯಿತು. ನನಗೆ ಎರಡು ಎಕರೆ ಹೊಲ, ಮನೆಯ ಪಾಲಿಗೆ ಹಣ. ಲೆಕ್ಕ ಹಾಕಿದರೆ ನನಗೆ ಬಂದದ್ದು ಕಡಿಮೆ. ಬಸದಿಗೆ ಒಂದು ಖೋಲಿಯನ್ನು ಮೂವರೂ ಸಹಿ ಮಾಡಿ ನೋಂದಾಯಿತ ದಾನಪತ್ರದಿಂದ ಕೊಟ್ಟೆವು; ಬಾಡಿಗೆ ಮಾತ್ರವಲ್ಲ, ಖೋಲಿಯನ್ನೇ. ನಾನು ಹಟ ಹಿಡಿದದ್ದು ರಾಜಿಪತ್ರದ ಒಂದು ವಾಕ್ಯಕ್ಕೆ: ಮಗಳು ಹಿಂದೆ ಎಂದೂ ತನ್ನ ಹಕ್ಕನ್ನು ಬಿಟ್ಟುಕೊಟ್ಟಿರಲಿಲ್ಲ ಎಂಬುದು ಉಭಯತರಿಗೂ ಒಪ್ಪಿಗೆ. ಹೊಲಕ್ಕೆ, ಹಣಕ್ಕೆ ಬೇಗ ಒಪ್ಪಿದ ಅಣ್ಣ ಆ ವಾಕ್ಯಕ್ಕೆ ಒಪ್ಪಲಿಲ್ಲ. ಒಂದು ವಾಯಿದೆ ಮುಂದೆ ಹೋಯಿತು. ಎರಡನೆಯ ವಾಯಿದೆಗೆ ಬಂದು ಏನೂ ಅನ್ನದೆ ಸಹಿ ಮಾಡಿದ. ಆತ ಕ್ಷಮಾವಣಿಯ ದಿನ ಬಸದಿಯಲ್ಲಿ ಕೈ ಮುಗಿಯುತ್ತಾನೆ, ನಾನೂ ಮುಗಿಯುತ್ತೇನೆ. ಅದರಾಚೆಗೆ ಮಾತು ಇನ್ನೂ ಬೆಳೆದಿಲ್ಲ.

ನನ್ನ ಬಳಿ ಬಂದ ಆ ಹೆಣ್ಣುಮಗಳಿಗೆ ನಾನು ದಾವೆ ಹಾಕೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಕಾಗದದಲ್ಲಿ ಸುಳ್ಳಿದೆಯೇ, ಅಥವಾ ನಿನಗೆ ಒಪ್ಪಿಗೆಯಾಗದ ನಿಜವಿದೆಯೇ, ಅದನ್ನು ಮೊದಲು ನೋಡು ಎಂದೆ. ತಂದೆ ತಿಳಿದು, ಸ್ವಸ್ಥಚಿತ್ತದಿಂದ, ನಿನ್ನನ್ನು ಬಿಟ್ಟಿದ್ದರೆ ಆ ನೋವಿಗೆ ನ್ಯಾಯಾಲಯದಲ್ಲಿ ಔಷಧವಿಲ್ಲ; ಹನ್ನೊಂದು ವರ್ಷ ಕಷಾಯಗಳನ್ನು ಉರಿಸಿಕೊಂಡದ್ದಷ್ಟೇ ಲಾಭ. ಸುಳ್ಳಿದ್ದರೆ ಸುಮ್ಮನಿರುವುದನ್ನು ತ್ಯಾಗವೆಂದು ಕರೆಯಬೇಡ. ಗೆದ್ದ ಮೇಲೆ ಬಿಡುವುದಾದರೆ ಬಿಡು, ಆಗ ಅದು ನಿನ್ನದಾಗಿರುತ್ತದೆ. ಆಕೆ ಕಾಗದದ ನಕಲು ತಂದಿದ್ದಳು. ನೋಂದಣಿಯಾಗಿತ್ತು, ಸಾಕ್ಷಿಗಳಿಬ್ಬರೂ ಲಾಭವಿಲ್ಲದವರು, ಒಬ್ಬರು ವೈದ್ಯರು. ಮಗಳಿಗೆ ಯಾಕೆ ಕೊಟ್ಟಿಲ್ಲವೆಂಬುದಕ್ಕೆ ತಂದೆ ತಾವೇ ಕಾರಣ ಬರೆದಿದ್ದರು. ಕಾರಣ ನನಗೆ ಹಿಡಿಸಲಿಲ್ಲ, ಆದರೆ ಅದು ಅವರದೇ ಮಾತಿನಂತೆ ಕಂಡಿತು. ಆಕೆ ದಾವೆ ಹೂಡಲಿಲ್ಲವೆಂದು ಮೊನ್ನೆ ತಿಳಿಯಿತು.

ನನಗೂ ಈಗ ವಯಸ್ಸಾಗಿದೆ. ಆದಿಪುರಾಣದ ಕ್ರಮದಂತೆ ಮೂರು ಭಾಗ ಮಾಡಿ ನನ್ನ ಮೃತ್ಯುಪತ್ರದ ಕರಡನ್ನು ಬರೆದು, ಕಳೆದ ದೀಪಾವಳಿಗೆ ಮಗನೂ ಮಗಳೂ ಬಂದಾಗ ಗಟ್ಟಿಯಾಗಿ ಓದಿದೆ. ಧರ್ಮದ ಭಾಗಕ್ಕೆ ಇಬ್ಬರೂ ಒಪ್ಪಿದರು. ಉಳಿದದ್ದನ್ನು ಸಮನಾಗಿ ಹಂಚುವುದಕ್ಕೂ ಒಪ್ಪಿದರು. ಜಗಳ ಹತ್ತಿದ್ದು ಆ ಎರಡು ಎಕರೆಗೆ. ಮಾರಿ ಹಣ ಹಂಚಿದರೆ ತೊಡಕಿಲ್ಲವೆಂದು ಮಗ. ಅದು ಅವ್ವ ಕೋರ್ಟಿಗೆ ಹೋಗಿ ತಂದ ಹೊಲ, ಮಾರಕೂಡದು, ಬೇಕಾದರೆ ನನ್ನ ಪಾಲಿನ ಹಣ ಬಿಟ್ಟು ಹೊಲವನ್ನೇ ತೆಗೆದುಕೊಳ್ಳುತ್ತೇನೆಂದು ಮಗಳು. ಹೊಲದ ಬೆಲೆ ಆಕೆಯ ಪಾಲಿಗಿಂತ ಹೆಚ್ಚಾಗುತ್ತದೆಂದು ಮಗನ ಲೆಕ್ಕ. ಒಂದು ಗಂಟೆ ಇಬ್ಬರೂ ನನ್ನೆದುರಿಗೇ ವಾದ ಮಾಡಿದರು. ನಾನು ಸಹಿ ಮಾಡಲಿಲ್ಲ. ಕರಡು ಅಡಿಗೆಮನೆಯ ಪಕ್ಕದ ಕಪಾಟಿನಲ್ಲಿದೆ, ಕೀಲಿ ಹಾಕಿಲ್ಲ. ಕ್ಷಮಾವಣಿಗೆ ಇಬ್ಬರೂ ಬರುವವರಿದ್ದಾರೆ. ಅಷ್ಟರಲ್ಲಿ ಹೊಲದ ಬೆಲೆ ಎಷ್ಟೆಂದು ಯಾರನ್ನಾದರೂ ಕರೆದು ತೋರಿಸಬೇಕು.